ಹನ್ನೆರಡನೆಯ ಬೋರ್ಡು

ಮಾರ್ಚ್ 2, ಸೋಮವಾರ

ಡಾಕ್ಟರು ಹೇಳಿದರೆಂದು ಬರೆಯುತ್ತಿದ್ದೇನೆ. ನನಗಂತೂ ಇದರಲ್ಲಿ ನಂಬಿಕೆಯಿಲ್ಲ. ಮೂವತ್ತೊಂದು ವರ್ಷದಿಂದ ಬೋರ್ಡು ಬರೆಯುವವನಿಗೆ ಮನೆಗೆ ಬಂದು ಮತ್ತೆ ಬರೆಯಿರಿ ಎಂದರೆ, ಅಡುಗೆಯವನಿಗೆ ರಜೆ ಕೊಟ್ಟು ಬೇಳೆ ಬೇಯಿಸು ಎಂದ ಹಾಗೆ.

ಹೋದ ವಾರ ಔಷಧಿ ಅಂಗಡಿಯ ಬೋರ್ಡಿನಲ್ಲಿ ‘ಷ’ ಬರೆಯುವಾಗ ಬಲಗೈ ನಡುಗಿತು. ಅಕ್ಷರದ ಹೊಟ್ಟೆಯೊಳಗೆ ನಿಲ್ಲಬೇಕಾದ ಗೆರೆ ಹೊರಗೆ ಹೋಯಿತು. ಅಂಗಡಿಯವನು ಏಣಿಯ ಕೆಳಗಿನಿಂದ ನೋಡುತ್ತಿದ್ದವನು ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಡಾಕ್ಟರು ಕೈ ಮಡಚಿಸಿದರು, ಚಾಚಿಸಿದರು, ಸುತ್ತಿಗೆಯಿಂದ ತಟ್ಟಿದರು. ನರದಲ್ಲಿ ದೋಷವಿಲ್ಲವಂತೆ. “ಮನಸ್ಸಲ್ಲಿ ಏನಾದ್ರೂ ಇದ್ರೆ ದಿನಕ್ಕೆರಡು ಸಾಲು ಬರೀರಿ” ಎಂದರು. ಮನಸ್ಸಿನಲ್ಲಿ ಏನೂ ಇಲ್ಲ ಎಂದೆ. ಆದರೂ ಬರೀರಿ ಎಂದರು.

ಇರುವ ಸಂಗತಿ ಇಷ್ಟು. ನಮಗೊಬ್ಬಳು ಮಗಳಿದ್ದಳು. ಎರಡು ವರ್ಷದ ಹಿಂದೆ ಜ್ವರ ಬಂದು ಮೂರೇ ದಿನಕ್ಕೆ ಹೋದಳು. ಹನ್ನೆರಡು ವರ್ಷವಾಗಿತ್ತು. ಅದಾಗಿ ಎಂಟು ತಿಂಗಳಿಗೆ ಹೆಂಡತಿ ತನ್ನ ಅಕ್ಕನ ಮನೆಗೆ ಹೋದಳು. ಇದೇ ಊರು, ನೀರಿನ ಟ್ಯಾಂಕಿನ ಆಚೆ. ಜಗಳವಾಗಿರಲಿಲ್ಲ. ಕಾರಣವನ್ನೂ ಹೇಳಲಿಲ್ಲ. ಇದು ಊರಿಗೆಲ್ಲ ಗೊತ್ತಿರುವುದೇ, ಬರೆದಿಡುವಂಥದ್ದೇನಲ್ಲ.

ಎರಡು ಸಾಲಿಗಿಂತ ಹೆಚ್ಚಾಯಿತು.

ಮಾರ್ಚ್ 4, ಬುಧವಾರ

ಒಂದು ಬೋರ್ಡು. ಹೊಲಿಗೆ ಅಂಗಡಿಯದು. ಕೈ ನಡುಗಿತು.

ಮಾರ್ಚ್ 6, ಶುಕ್ರವಾರ

ಲೈಬ್ರರಿ ಮೇಡಂ ಬಂದಿದ್ದರು. ಊರ ಉತ್ಸವದ ಸಮಿತಿಗೆ ಅವರೇ ಕಾರ್ಯದರ್ಶಿ. ಚಪ್ಪಲಿ ಬಿಡಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಿದ್ದರು. ನನ್ನ ಶೆಡ್ಡಿನಲ್ಲಿ ಚಪ್ಪಲಿ ಬಿಟ್ಟರೆ ಕಾಲಿಗೆ ಬಣ್ಣ, ಬಿಡದಿದ್ದರೆ ಚಪ್ಪಲಿಗೆ ಬಣ್ಣ.

“ಪೇಂಟರೇ, ಹನ್ನೆರಡು ಬೋರ್ಡು ಬೇಕಿತ್ತು. ನಿಧಿ ಆಟಕ್ಕೆ.”

ಉತ್ಸವದ ಕೊನೆಯ ದಿನ ಈ ಆಟ ನಡೆಯುತ್ತದೆ. ಊರವರು ಗುಂಪು ಕಟ್ಟಿಕೊಂಡು ಆಡುತ್ತಾರೆ. ಒಂದು ಪ್ರಾಸದ ಒಗಟು ಕೊಡುತ್ತಾರೆ. ಅದನ್ನು ಬಿಡಿಸಿದರೆ ಒಂದು ಜಾಗ ಗೊತ್ತಾಗುತ್ತದೆ, ಅಲ್ಲಿಗೆ ಓಡಿದರೆ ಮುಂದಿನ ಒಗಟು. ಹನ್ನೆರಡು ದಾಟಿದರೆ ನಿಧಿಯ ಪೆಟ್ಟಿಗೆ. ನಾನು ಒಮ್ಮೆಯೂ ಆಡಿದವನಲ್ಲ. ಉತ್ಸವದ ದಿನ ನನಗೆ ಬ್ಯಾನರ್ ಕಟ್ಟುವ ಕೆಲಸವೇ ಕುತ್ತಿಗೆವರೆಗೆ ಇರುತ್ತದೆ.

“ಕಾಗದದ ಮೇಲೆ ಬರೆದು ಅಂಟಿಸ್ತಿದ್ರಲ್ಲ?” ಎಂದೆ.

“ಹೋದ ವರ್ಷ ಗಾಳಿಗೆ ಮೂರು ಹಾರಿಹೋದ್ವು. ಅರ್ಧ ಊರು ಮಧ್ಯಾಹ್ನದವರೆಗೂ ಅಂಚೆ ಡಬ್ಬ ಸುತ್ತುತ್ತಾ ಇತ್ತು. ಅದೂ ಅಲ್ದೆ ಎರಡು ವರ್ಷ ಒಗಟು ಬರೆದಿದ್ದು ನಾನು. ಪ್ರಾಸ ಇಲ್ಲ, ರುಚಿ ಇಲ್ಲ ಅಂತ ಜನ ಮುಖಕ್ಕೇ ಹೇಳಿದ್ರು.” ಮೇಡಂ ಕೈಚೀಲದ ಹಿಡಿಯನ್ನು ತಿರುಚುತ್ತಿದ್ದರು. “ಈ ವರ್ಷ ನಿಮ್ಮ ಮನೆಯವರು ಒಪ್ಕೊಂಡಿದ್ದಾರೆ. ಮೊದಲಿನ ಹಾಗೆ ಅವರೇ ಬರೀತಾರೆ. ನಿಮಗೆ ಕಷ್ಟ ಆದ್ರೆ ಬೇಡ ಬಿಡಿ, ಬೇರೆಯವರ ಹತ್ರ ಹೋಗ್ತೀನಿ.”

ನನಗೆಂಥ ಕಷ್ಟ ಎಂದೆ. ಕೆಲಸ ಕೆಲಸವೇ. ಈ ಊರಿನಲ್ಲಿ ನೆಟ್ಟಗೆ ಅಕ್ಷರ ಬರೆಯುವ ಬೇರೆಯವರಾದರೂ ಯಾರಿದ್ದಾರೆ.

ಅವಳು ಹೇಗಿದ್ದಾಳೆ ಎಂದು ಕೇಳಬೇಕೆನ್ನಿಸಿತ್ತು. ಪ್ಲೈವುಡ್ ಯಾವ ಅಳತೆ ಎಂದು ಕೇಳಿದೆ.

ಮಾರ್ಚ್ 9, ಸೋಮವಾರ

ಮೊದಲ ನಾಲ್ಕು ಚೀಟಿ ಲಕೋಟೆಯಲ್ಲಿ ಬಂದವು. ಅವಳ ಕೈಬರಹ. ಆಸ್ಪತ್ರೆಯ ಕೌಂಟರಿನಲ್ಲಿ ದಿನಕ್ಕೆ ಇನ್ನೂರು ಚೀಟಿ ಬರೆದೂ ಅವಳ ಅಕ್ಷರ ಕೆಟ್ಟಿಲ್ಲ. ‘ಳ’ದ ಬಾಲ ಮಾತ್ರ ಈಗಲೂ ಬೇಕಾದ್ದಕ್ಕಿಂತ ಉದ್ದ.

ಒಂದನೆಯದು:

ಬಾಯಿ ಇದೆ ಮಾತಿಲ್ಲ, ಹೊಟ್ಟೆ ಇದೆ ಹಸಿವಿಲ್ಲ,
ಊರ ಗುಟ್ಟನೆಲ್ಲ ನುಂಗಿ ಒಂದನ್ನೂ ಹೇಳಿಲ್ಲ.

ಅಂಚೆ ಡಬ್ಬ. ಓದುತ್ತಲೇ ಗೊತ್ತಾಯಿತು. ಎರಡನೆಯದು:

ದೊರೆಯಾದರೂ ಇಲ್ಲಿ ತಲೆ ತಗ್ಗಿಸಬೇಕು,
ಕನ್ನಡಿಯ ಎದುರಿಗೆ ಕಿವಿ ಮಡಚಬೇಕು.

ಇದು ಎದುರಿನ ಕಟಿಂಗ್ ಅಂಗಡಿ. ಅಲ್ಲಿಯ ಗೆಳೆಯ ಬೆಳಿಗ್ಗೆಯಿಂದ ಮೂರು ಸಲ ಇಣುಕಿದ. “ಒಂದೇ ಒಂದು ಹೇಳು. ನಮ್ಮ ಗುಂಪಿಗೆ ಈ ಸಲ ಗೆಲ್ಲೋ ಆಸೆ. ನಿನ್ನ ಗಡ್ಡ ವರ್ಷಪೂರ್ತಿ ನಂದೇ ಜವಾಬ್ದಾರಿ” ಎಂದ. ಬೋರ್ಡನ್ನು ಗೋಡೆಯ ಕಡೆ ತಿರುಗಿಸಿ ಇಟ್ಟೆ. ತನ್ನ ಅಂಗಡಿಯೇ ಅದರಲ್ಲಿ ಕೂತಿದೆಯೆಂದು ಅವನಿಗೆ ಗೊತ್ತಿಲ್ಲ.

ಪ್ರೈಮರ್ ಹೊಡೆದು ಒಣಗಲಿಟ್ಟಿದ್ದೇನೆ. ಬಿಳಿ ನೆಲ, ನೀಲಿ ಅಕ್ಷರ. ಕೈ ಬೆಳಿಗ್ಗೆ ನಡುಗಿತು, ಸಂಜೆ ಸುಮಾರು.

ಮಾರ್ಚ್ 12, ಗುರುವಾರ

ಆರನೆಯದರ ಎರಡನೇ ಸಾಲು ಉದ್ದ. ಒತ್ತಕ್ಷರ ಬೇರೆ ಮೂರಿವೆ. ಒತ್ತಿಗೆ ಕೆಳಗೆ ಜಾಗ ಬಿಡದಿದ್ದರೆ ಎರಡು ಸಾಲೂ ಒಂದರ ತಲೆಯ ಮೇಲೊಂದು ಕುಳಿತಂತೆ ಕಾಣುತ್ತದೆ. ‘ಎರಡು ಅಕ್ಷರ ಕಡಿಮೆ ಮಾಡಬೇಕು’ ಎಂದು ಚೀಟಿ ಬರೆದು ಮೇಡಂ ಕೈಯಲ್ಲಿ ಕಳಿಸಿದೆ. ಮಧ್ಯಾಹ್ನವೇ ಅದೇ ಚೀಟಿಯ ಹಿಂಬದಿಯಲ್ಲಿ ಉತ್ತರ ಬಂತು.

‘ಪ್ರಾಸ ಕೆಡುತ್ತದೆ. ಬೋರ್ಡು ಉದ್ದ ಮಾಡಿ.’

ಒಂದು ವರ್ಷ ನಾಲ್ಕು ತಿಂಗಳ ಮೇಲೆ ಅವಳು ನನಗೆ ಹೇಳಿದ ಮೊದಲ ಮಾತು ಇದು. ನಾಲ್ಕೈದು ಸಲ ಓದಿದೆ. ಪ್ಲೈವುಡ್ ತಂದು ಬೋರ್ಡು ಉದ್ದ ಮಾಡಿದೆ. ಬೇರೆ ಗಿರಾಕಿಯಾಗಿದ್ದರೆ ಜಗಳವಾಡುತ್ತಿದ್ದೆ.

ಇಷ್ಟು ಖಡಾಖಂಡಿತವಾಗಿ ಬರೆಯುವವಳಿಗೆ ಸಿಟ್ಟು ಇಳಿದಿರಬೇಕು ಎಂದು ನನ್ನ ಲೆಕ್ಕ. ಸಿಟ್ಟಿದ್ದಾಗ ಅವಳು ಮಾತೇ ಆಡುವುದಿಲ್ಲ.

ಮಾರ್ಚ್ 14, ಶನಿವಾರ

ಕೂದಲು ಕತ್ತರಿಸಿಕೊಳ್ಳಲು ಎದುರಿನ ಅಂಗಡಿಗೆ ಹೋದೆ. ಉತ್ಸವದ ಹೊತ್ತಿಗೆ ಮನುಷ್ಯನಂತೆ ಕಾಣಬೇಕಲ್ಲ. ಗೆಳೆಯ ಕುತ್ತಿಗೆಗೆ ಬಟ್ಟೆ ಕಟ್ಟಿ ನೀರು ಚಿಮುಕಿಸುತ್ತಾ ಮಾತಿಗೆ ಶುರುವಿಟ್ಟ.

“ಮತ್ತೆ ನಿಮ್ಮ ಮನೆಯವರೇ ಬರೀತಿದ್ದಾರಂತೆ. ಒಳ್ಳೇದಾಯ್ತು. ಮುಂಚೆ ತಾಯಿ ಮಗಳು ಇಬ್ಬರೂ ಇಲ್ಲಿಗೆ ಬಂದು ಕೂರ್ತಿದ್ರು, ಗೊತ್ತಾ? ಜಾಗ ನೋಡೋಕೆ. ಉತ್ಸವಕ್ಕೆ ಒಂದು ತಿಂಗಳು ಮುಂಚಿನಿಂದ ಪ್ರತಿ ಭಾನುವಾರ ಊರೆಲ್ಲ ಸುತ್ತೋರು. ಗುಂಡುಸೂಜಿ ಅಂತೂ ಆ ಬೆಂಚಿನ ಮೇಲೆ ನಿಂತು ‘ಮಾಮ, ನಿಮ್ಮ ಕತ್ತರಿಗೆ ಹಲ್ಲಿಲ್ಲ, ಆದ್ರೂ ಯಾಕೆ ಕಚ್ಚತ್ತೆ’ ಅಂತ ಕೇಳೋಳು.”

ಗುಂಡುಸೂಜಿ ಎಂದು ಮಗಳನ್ನು ಕರೆಯುತ್ತಿದ್ದೆವು. ಕಡ್ಡಿಯಂಥ ಮೈ, ಮೇಲೆ ಗುಂಡಗೆ ಕೂದಲು. ಎರಡು ವರ್ಷದಲ್ಲಿ ಯಾರೂ ನನ್ನೆದುರು ಆ ಹೆಸರು ಎತ್ತಿರಲಿಲ್ಲ. ಎತ್ತದ ಹಾಗೆ ನಾನೇ ಮುಖ ಮಾಡಿಕೊಂಡಿರುತ್ತಿದ್ದೆನೋ ಏನೋ. ಇವನು ಬಾಯಿತಪ್ಪಿ ಎತ್ತಿಬಿಟ್ಟ. ಎತ್ತಿದವನು ಕನ್ನಡಿಯಲ್ಲಿ ನನ್ನ ಮುಖ ನೋಡಿ ಕತ್ತರಿ ನಿಲ್ಲಿಸಿದ.

“ತಪ್ಪು ತಿಳ್ಕೋಬೇಡ” ಎಂದ.

ಏನಿಲ್ಲ, ಕೆಲಸವಿದೆ ಎಂದು ಬಟ್ಟೆ ಬಿಚ್ಚಿ ಎದ್ದು ಬಂದೆ. ತಲೆಯ ಎಡಭಾಗ ಮಾತ್ರ ಆಗಿದೆ.

ಭಾನುವಾರಗಳಂದು ಅವರಿಬ್ಬರೂ ಊರು ಸುತ್ತುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಅಂಗಡಿ ಮುಚ್ಚಿರುವ ದಿನವೆಂದು ಭಾನುವಾರವೇ ನನಗೆ ಗೋಡೆ ಕೆಲಸ ಹೆಚ್ಚು. ಏಣಿ ಮೇಲಿದ್ದೆ.

ಮಾರ್ಚ್ 15, ಭಾನುವಾರ

ಬರೆಯುವುದಕ್ಕೇನೂ ಇಲ್ಲ. ಟೋಪಿ ಹಾಕಿಕೊಂಡು ಕೆಲಸ ಮಾಡಿದೆ.

ಮಾರ್ಚ್ 19, ಗುರುವಾರ

ಹನ್ನೊಂದು ಮುಗಿದವು. ಗಡಿಯಾರದ ಗೋಪುರದ್ದು ಎಲ್ಲಕ್ಕಿಂತ ಚೆನ್ನಾಗಿ ಬಂದಿದೆ.

ಎರಡು ಮುಳ್ಳು ಮೈಮೇಲೆ, ಚುಚ್ಚಿಸಿಕೊಂಡವರಿಲ್ಲ,
ದಿನವಿಡೀ ನಡೆದರೂ ಊರು ದಾಟಿ ಹೋಗಿಲ್ಲ.

ನಡುವೆ ಅವಳಿಗೆ ಇನ್ನೂ ಎರಡು ಚೀಟಿ ಕಳಿಸಿದೆ. ಒಂದರಲ್ಲಿ ಬಣ್ಣ ಯಾವುದು ಎಂದು ಕೇಳಿದ್ದೆ, ‘ನಿಮಗೇ ಗೊತ್ತು’ ಎಂದು ಬಂತು. ಇನ್ನೊಂದರಲ್ಲಿ ಊಟ ಸರಿಯಾಗಿ ಮಾಡುತ್ತೀಯಾ ಎಂದು ಕೇಳಿದ್ದೆ. ಅದಕ್ಕೆ ಉತ್ತರವಿಲ್ಲ. ಲಕೋಟೆಯಲ್ಲಿ ಎಲ್ಲೋ ಜಾರಿಹೋಗಿರಬೇಕು.

ಇವತ್ತು ಮನೆ ಗುಡಿಸಿ ಒರೆಸಿದೆ. ಅವಳ ಹೊದಿಕೆಗಳನ್ನು ಬಿಸಿಲಿಗೆ ಹಾಕಿದೆ. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ “ಯಾರಾದ್ರೂ ಬರ್ತಿದ್ದಾರಾ?” ಎಂದು ಕೇಳಿದರು. ಹೊದಿಕೆ ವಾಸನೆ ಬಂದಿತ್ತು ಎಂದೆ.

ಹನ್ನೆರಡನೆಯ ಚೀಟಿಯನ್ನು ಅವಳು ಕೊನೆಗೆ ಕಳಿಸುತ್ತಾಳಂತೆ.

ಮಾರ್ಚ್ 21, ಶನಿವಾರ

ಸಂಜೆ ನಾಲ್ಕಕ್ಕೆ ಹನ್ನೆರಡನೆಯದು ಬಂತು. ಲಕೋಟೆ ಒಡೆದೆ. ಸೀಮೆಸುಣ್ಣ ಸವರಿದ ದಾರದಿಂದ ಗೆರೆ ಹೊಡೆದುಕೊಂಡು ಬೋರ್ಡಿನ ಮುಂದೆ ಕುಳಿತೆ. ನಾನು ಬರೆಯುವಾಗ ಅರ್ಥ ನೋಡುವವನಲ್ಲ. ಅಕ್ಷರ ನೋಡುತ್ತೇನೆ, ಜಾಗ ನೋಡುತ್ತೇನೆ.

ಕೈ ಹಿಡಿದು ಕುಲುಕಿದರೆ ಗೊಳೋ ಅಂತ ಅಳ್ತಾನೆ,
ಅತ್ತಷ್ಟೂ ಊರವರ ಕೊಡಗಳ ತುಂಬ್ತಾನೆ.

‘ಗೊಳೋ ಅಂತ’ದವರೆಗೂ ಬಂದೆ. ಮುಂದಿನದು ‘ಅಳ್ತಾನೆ’. ಇದೇನು ಬರಹದ ಭಾಷೆಯಲ್ಲ, ‘ಅಳುತ್ತಾನೆ’ ಎಂದಿರಬೇಕು, ಊರ ಮುಂದೆ ನನ್ನ ಬೋರ್ಡಿನಲ್ಲಿ ತಪ್ಪು ಇರಬಾರದು ಎಂದು ಸೀಮೆಸುಣ್ಣದಲ್ಲಿ ತಿದ್ದಿಕೊಳ್ಳಲು ಹೋದೆ. ಆಗ ನೆನಪಾಯಿತು. ಇದನ್ನು ನಾನು ಮೊದಲೂ ಒಮ್ಮೆ ತಿದ್ದಲು ಹೋಗಿದ್ದೆ.

ಅಡುಗೆಮನೆಯಲ್ಲಿ ಬಾಗಿಲ ಹಿಂದಿನ ಗೋಡೆ. ಮಗಳಿಗೆ ಒಂಬತ್ತು ವರ್ಷವಿದ್ದಾಗ ನನ್ನ ಬೋರ್ಡುಗಳ ಮೇಲೆ ಕೈ ಹಾಕುತ್ತಾಳೆಂದು ಗದರಿ, ಉಳಿದ ಬಣ್ಣ ಮತ್ತು ಸವೆದ ಬ್ರಷ್ ಕೊಟ್ಟು, “ಬೇಕಿದ್ರೆ ಆ ಗೋಡೆ ಹಾಳು ಮಾಡು” ಎಂದಿದ್ದೆ. ಅಂದಿನಿಂದ ಆ ಗೋಡೆ ಅವಳದಾಯಿತು. ಅಮ್ಮನ ಜೊತೆ ಸೇರಿ ಕಟ್ಟಿದ ಪ್ರಾಸ, ತಾನೇ ಕಟ್ಟಿದ ಪ್ರಾಸ, ಎಲ್ಲ ಅಲ್ಲಿ. ಕೆಂಪು, ಹಸಿರು, ಅರ್ಧ ಸಾಲಿಗೆ ಒಂದು ಬಣ್ಣ ಮುಗಿದು ಇನ್ನರ್ಧಕ್ಕೆ ಇನ್ನೊಂದು. ಒಂದು ದಿನ ನೀರು ಕುಡಿಯಲು ಹೋದವನು ಕೈಪಂಪಿನ ಈ ಎರಡು ಸಾಲನ್ನು ನೋಡಿ, “ಅಳ್ತಾನೆ ಅಲ್ಲ, ಬರೆಯೋವಾಗ ಅಳುತ್ತಾನೆ ಅನ್ಬೇಕು” ಎಂದೆ.

“ಹಾಗೆ ಬರೆದ್ರೆ ತುಂಬ್ತಾನೆಗೆ ಕೂಡಲ್ಲಪ್ಪ.”

“ಅದನ್ನೂ ತುಂಬುತ್ತಾನೆ ಅಂತ ಮಾಡು.”

“ಆಗ ಅವನು ಸೂಟು ಬೂಟು ಹಾಕ್ಕೊಂಡು ಅತ್ತ ಹಾಗೆ ಇರತ್ತೆ” ಎಂದಳು.

ನಾನು ನಗಲಿಲ್ಲ. ನೀರು ಕುಡಿದು ಹೋದೆ. ಅಷ್ಟು ಒಳ್ಳೆಯ ಮಾತಿಗೆ ನಗದೆ ಹೋದೆ.

ಮಗಳು ಹೋಗಿ ಇಪ್ಪತ್ತು ದಿನವಾದಾಗ ಹೆಂಡತಿಯನ್ನು ಅವಳ ಅಕ್ಕ ಒಂದು ದಿನದ ಮಟ್ಟಿಗೆ ಕರೆದುಕೊಂಡು ಹೋಗಿದ್ದರು. ಆ ದಿನ ನಾನು ಆ ಗೋಡೆಗೆ ಬಣ್ಣ ಬಳಿದೆ. ಕೆನೆಬಣ್ಣ. ಮೊದಲ ಕೋಟಿನಡಿ ಕೆಂಪು ಇಣುಕುತ್ತಿತ್ತು, ಎರಡನೆಯ ಕೋಟು ಕೊಟ್ಟೆ. ಸಂಜೆ ಅವಳು ಬಂದು ಬಾಗಿಲು ಸರಿಸಿ ನೋಡಿದಳು. ಅಳಲಿಲ್ಲ. ಗೋಡೆಗೆ ಅಂಗೈಯಿಟ್ಟು, “ಒಳ್ಳೆ ಕೆಲಸ ಮಾಡಿದ್ದೀರಿ. ಒಂದು ಗೆರೆಯೂ ಕಾಣಲ್ಲ” ಎಂದಳು.

ನಾನದನ್ನು ಹೊಗಳಿಕೆ ಎಂದೇ ತಿಳಿದಿದ್ದೆ. ಇವತ್ತಿನವರೆಗೂ.

ಬೋರ್ಡನ್ನು ಮುಗಿಸಿದೆ. ‘ಅಳ್ತಾನೆ’ ಎಂದೇ ಬರೆದೆ. ಯಾವ ಅಕ್ಷರಗಳನ್ನು ಮುಚ್ಚಿದ್ದೆನೋ ಅವನ್ನೇ ಬರೆದೆ. ಬರೆಯುತ್ತಾ ಇದ್ದಾಗ ಎದುರಿನ ಗೆಳೆಯ ಬಂದಿದ್ದನಂತೆ, ಬಾಗಿಲಲ್ಲಿ ನಿಂತಿದ್ದು ಹಾಗೇ ವಾಪಸು ಹೋದನಂತೆ. ನಾನು ನೋಡಲಿಲ್ಲ.

ಮಾರ್ಚ್ 22, ಭಾನುವಾರ

ಬೆಳಿಗ್ಗೆ ಕೆರೆಯುವ ಪಟ್ಟಿ ತೆಗೆದುಕೊಂಡು ಗೋಡೆಯ ಮುಂದೆ ಕುಳಿತೆ. ಕೆನೆಬಣ್ಣ ಹಪ್ಪಳದಂತೆ ಏಳುತ್ತದೆ, ಕೆಳಗೆ ಅಕ್ಷರ ಸಿಗುತ್ತದೆ ಎಂದುಕೊಂಡಿದ್ದೆ. ಹಳೆಯ ಬೋರ್ಡುಗಳಲ್ಲಿ ಎಷ್ಟೋ ಸಲ ಹಾಗೆ ಹಿಂದಿನ ಹೆಸರು ಸಿಕ್ಕಿದೆ.

ಒಂದು ಮೊಳ ಅಗಲ ಕೆರೆದೆ. ಗಾರೆ ಬಂತು. ಒಂದು ಕಡೆ ಉಗುರಿನಷ್ಟು ಕೆಂಪು ಕಂಡಿತು, ಬೆರಳು ತಾಗಿಸಿದರೆ ಅದೂ ಪುಡಿಯಾಗಿ ಉದುರಿತು. ಬಳಿಯುವ ಮೊದಲು ಉಪ್ಪುಕಾಗದದಲ್ಲಿ ಉಜ್ಜಿದ್ದೆನಲ್ಲ. ಹಳೆಯ ಬಣ್ಣ ಉಜ್ಜದೆ ಹೊಸದು ಹಿಡಿಯುವುದಿಲ್ಲ. ಕೆಲಸ ಅಚ್ಚುಕಟ್ಟಾಗಿ ಮಾಡುವವನು ನಾನು.

ಮಾರ್ಚ್ 25, ಬುಧವಾರ

ಊಟ ಸೇರುತ್ತಿಲ್ಲ. ಬ್ಯಾನರುಗಳಿವೆ. ಮಾಡುತ್ತಿದ್ದೇನೆ.

ಮಾರ್ಚ್ 29, ಭಾನುವಾರ

ಬೆಳಕು ಹರಿಯುವ ಹೊತ್ತಿಗೆ ಹನ್ನೆರಡೂ ಬೋರ್ಡು ಅವುಗಳ ಜಾಗದಲ್ಲಿ ತೂಗುಹಾಕಿ ಬಂದಿದ್ದೆ. ಎಂಟಕ್ಕೆ ಆಟ ಶುರು. ನಲವತ್ತು ಗುಂಪು ಇದ್ದವಂತೆ. ಬ್ಯಾನರ್ ಕಟ್ಟುವ ಕೆಲಸವನ್ನು ನಿನ್ನೆಯೇ ಮುಗಿಸಿದ್ದೆ. ಇವತ್ತು ಏಣಿ ಮನೆಯಲ್ಲಿ ಬಿಟ್ಟು ಜನರ ಹಿಂದೆ ನಡೆದೆ.

ಬೋರ್ಡು ಬರೆದ ಮೇಲೆ ಅದನ್ನು ಓದುವವರ ಮುಖ ನಾನು ನೋಡಿದ್ದಿಲ್ಲ. ಅಂಚೆ ಡಬ್ಬದ ಒಗಟಿಗೆ ಒಬ್ಬ ಮೇಷ್ಟ್ರು ‘ಬ್ಯಾಂಕು’ ಎಂದು ತಮ್ಮ ಗುಂಪನ್ನೆಲ್ಲ ಬ್ಯಾಂಕಿಗೆ ಓಡಿಸಿದರು. ಕಟಿಂಗ್ ಅಂಗಡಿಯ ಗೆಳೆಯ ತನ್ನದೇ ಅಂಗಡಿಯ ಒಗಟಿಗೆ ಕಾಲು ಗಂಟೆ ತಲೆ ಕೆರೆದುಕೊಂಡ. ಕೊನೆಗೆ ಗೊತ್ತಾದಾಗ ದೂರದಿಂದ ನನಗೆ ಮುಷ್ಟಿ ತೋರಿಸಿದ. ಜನ ಓದುತ್ತಾರೆ, ಇನ್ನೊಮ್ಮೆ ಜೋರಾಗಿ ಓದುತ್ತಾರೆ, ಆಮೇಲೆ ನಗುತ್ತಾರೆ. ಪ್ರತಿ ಬೋರ್ಡಿನ ಮುಂದೆಯೂ ಹಾಗೇ. ಇಷ್ಟು ವರ್ಷ ತಾಯಿ ಮಗಳು ಮಾಡುತ್ತಿದ್ದದ್ದು ಇದನ್ನು.

ಹನ್ನೆರಡನೆಯದು ಬೇಕರಿಯ ಗೋಡೆಗೆ ಇತ್ತು. ಅಲ್ಲಿಗೆ ಮೊದಲು ಬಂದವರು ಲಾಂಡ್ರಿಯಾಕೆ ಮತ್ತು ಅವರ ಅತ್ತೆ. ಇಬ್ಬರೂ ದಾರಿಯುದ್ದಕ್ಕೂ ಜಗಳವಾಡಿಕೊಂಡೇ ಬಂದಿದ್ದರು. ಅತ್ತೆ ಕನ್ನಡಕ ಏರಿಸಿ ಓದಿದರು.

“ಕೈ ಕುಲುಕಿದ್ರೆ ಗೊಳೋ ಅಂತ ಅಳೋನು ಈ ಊರಲ್ಲಿ ನನ್ನ ಮಗ ಒಬ್ಬನೇ.”

“ಅವರು ಅತ್ರೆ ಕೊಡ ತುಂಬತ್ತಾ ಅತ್ತೆ? ನೀರು ಅತ್ತೆ, ನೀರು. ಹಿಟ್ಟಿನ ಗಿರಣಿ ಹಿಂದಿನ ಕೈಪಂಪು.”

“ಅದನ್ನೇ ನಾನು ಹೇಳ್ತಿದ್ದೆ” ಎಂದು ಅತ್ತೆ ಸೊಸೆಗಿಂತ ಮುಂದೆ ಓಡಿದರು.

ಪಂಪಿನ ಕಟ್ಟೆಯ ಕೆಳಗೆ ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಒಂದು ಗಂಟೆ, ಊರಿಗೆಲ್ಲ ಹಂಚುವಷ್ಟು ಮಿಠಾಯಿ. ಅತ್ತೆ ಗಂಟೆ ಬಾರಿಸಿದರು, ನಿಲ್ಲಿಸಲೇ ಇಲ್ಲ. ಸೊಸೆ ಕಿತ್ತುಕೊಂಡು ತಾನೂ ಬಾರಿಸಿದಳು. ಗಿರಣಿಯ ಹಿಂದಿನ ಗಲ್ಲಿಯಲ್ಲಿ ಜನ ತುಂಬಿಹೋದರು. ಲೈಬ್ರರಿ ಮೇಡಂ ಮೈಕು ಹಿಡಿದು ಗೆದ್ದವರಿಗೆ ಕೈಮುಗಿದು, “ಕೊನೆಯ ಒಗಟು ಬರೆದಿದ್ದು ನಮ್ಮ ಗುಂಡುಸೂಜಿ. ಹನ್ನೊಂದು ವರ್ಷ ಇದ್ದಾಗ” ಎಂದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಲಾಂಡ್ರಿಯ ಅತ್ತೆ ಗಂಟೆಯ ನಾಲಗೆಯನ್ನು ಬೆರಳಲ್ಲಿ ಹಿಡಿದು ನಿಂತರು.

ಜನ ಕರಗಿದ ಮೇಲೆ ಹೆಂಡತಿ ಬಂದಳು. ಕೂದಲು ಮುಂದೆಲ್ಲ ಬೆಳ್ಳಗಾಗಿದೆ. ಪಂಪಿನ ಕಟ್ಟೆಯ ಮೇಲೆ ಕುಳಿತಳು. ನಾನು ಇನ್ನೊಂದು ಕೊನೆಗೆ ಕುಳಿತೆ.

“ಅಳ್ತಾನೆ ಅಂತಾನೇ ಬರೆದಿದ್ದೀರಿ.”

“ಅವಳು ಬರೆದಿದ್ದು ಹಾಗೇ ಅಲ್ವಾ.”

“ತಿದ್ದಿರ್ತೀರಿ ಅಂದ್ಕೊಂಡಿದ್ದೆ. ಬೇಕರಿ ಹತ್ರ ನೋಡ್ಕೊಂಡು ಬಂದೆ. ತಿದ್ದಿದ್ರೆ ಇಲ್ಲಿಗೆ ಬರ್ತಾ ಇರಲಿಲ್ಲ.”

“ಗೋಡೆ ಕೆರೆದು ನೋಡಿದೆ. ಏನೂ ಸಿಗಲಿಲ್ಲ” ಎಂದೆ.

“ಬಳಿಯೋ ಮುಂಚೆ ಉಜ್ಜಿದ್ರಾ?”

“ಉಜ್ಜಿದ್ದೆ.”

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. “ಯಾಕ್ರೀ?” ಎಂದಳು.

ಎರಡು ವರ್ಷದಲ್ಲಿ ಅವಳು ಇದನ್ನು ಕೇಳಿರಲಿಲ್ಲ, ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ. “ಬೆಳಿಗ್ಗೆ ಹಾಲು ಕಾಯಿಸೋಕೆ ಹೋದ್ರೆ ಅವಳ ಅಕ್ಷರ ಕಾಣ್ತಿತ್ತು” ಎಂದೆ. “ಎಲ್ಲಿ ಬ್ರಷ್ ಒತ್ತಿದ್ದಾಳೆ, ಎಲ್ಲಿ ಉಸಿರು ಬಿಗಿಹಿಡಿದು ಗೆರೆ ಎಳೆದಿದ್ದಾಳೆ, ಎಲ್ಲ ಗೊತ್ತಾಗ್ತಿತ್ತು. ನಂಗೆ ಅದು ನೋಡೋಕಾಗ್ತಿರಲಿಲ್ಲ.”

“ನಂಗೆ ಅದೊಂದನ್ನೇ ನೋಡೋಕಾಗ್ತಿದ್ದಿದ್ದು.”

ತಪ್ಪಾಯಿತು ಎಂದೆ. ಗೊತ್ತು ಎಂದಳು. ಮನೆಗೆ ಬಾ ಎಂದೆ. ಆ ಮನೆ ಬೇಡವಾದರೆ ಬೇರೆ ಮನೆ ನೋಡುತ್ತೇನೆ ಎಂದೆ. ಅವಳು ತಲೆಯಾಡಿಸಿದಳು. ಸಿಟ್ಟಿನಿಂದಲ್ಲ.

“ಮನೆಯದಲ್ಲ ರೀ. ಅವಳು ಹೋದ ಮೇಲೆ ಎಂಟು ತಿಂಗಳು ನಾನೊಬ್ಬಳೇ ಅತ್ತಿದ್ದೀನಿ. ನೀವು ಪಕ್ಕದಲ್ಲೇ ಕೂತು ಊಟ ಮಾಡ್ತಿದ್ರಿ. ಅನ್ನ ಸ್ವಲ್ಪ ಗಟ್ಟಿಯಾಗಿದೆ ಅಂತ ಹೇಳ್ತಿದ್ರಿ. ನಿಮಗೂ ನೋವಿತ್ತು ಅಂತ ಈಗ ಗೊತ್ತಾಯ್ತು. ಆದ್ರೆ ಆ ಎಂಟು ತಿಂಗಳು ಮತ್ತೆ ಬಂದು ನನ್ನ ಜೊತೆ ಅಳಲ್ಲ ಅಲ್ವಾ.”

ಕಟ್ಟೆಯ ಮೇಲೆ ಬಿದ್ದಿದ್ದ ಮಿಠಾಯಿ ಕಾಗದವನ್ನು ಎತ್ತಿ ಮಡಚಿದೆ.

ಅವಳಿಗೆ ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆಯಂತೆ. ಅಕ್ಕನೂ ಜೊತೆಗೆ ಹೋಗುತ್ತಾರಂತೆ. ಬರುವ ತಿಂಗಳ ಹನ್ನೆರಡಕ್ಕೆ ಹೊರಡುತ್ತಾರೆ. ಹೋಗುವ ಮೊದಲು ಈ ಎರಡು ಸಾಲನ್ನು ಊರವರು ಓದಲಿ ಎಂದು ಅನ್ನಿಸಿತಂತೆ. ಅದಕ್ಕೇ ಒಪ್ಪಿಕೊಂಡಳಂತೆ.

ನಾನೋ, ಹೊದಿಕೆ ಬಿಸಿಲಿಗೆ ಹಾಕಿ ಕುಳಿತಿದ್ದೆ.

ಏಳುವಾಗ ಕೇಳಿದಳು, “ಗೋಡೆ ಮೇಲಿದ್ದಿದ್ದು ಬೇರೆ ಯಾವ್ದು ನೆನಪಿದೆ ನಿಮಗೆ?”

ಒಂದೂ ಇರಲಿಲ್ಲ.

“ನಂಗೆ ಒಂಬತ್ತು ನೆನಪಿದೆ. ಮಿಕ್ಕಿದ್ದು ಹೋಯ್ತು” ಎಂದು ನಡೆದಳು.

ಏಪ್ರಿಲ್ 3, ಶುಕ್ರವಾರ

ಮೇಡಂ ಬಂದು ಒಂದು ಲಕೋಟೆ ಕೊಟ್ಟರು. ಮತ್ತೇನು ಬೋರ್ಡು ಎಂದೆ. “ಬೋರ್ಡಲ್ಲ, ನಿಮಗೇ” ಎಂದರು.

ಒಂಬತ್ತು ಪ್ರಾಸ. ಬೇರೆ ಒಂದು ಮಾತೂ ಬರೆದಿಲ್ಲ. ಸೋಪಿನ ಮೇಲೆ ಒಂದು, ಹಲ್ಲಿಯ ಮೇಲೆ ಒಂದು, ದೊಡ್ಡಮ್ಮನ ಗೊರಕೆಯ ಮೇಲೆ ಎರಡು. ಎಲ್ಲವನ್ನೂ ಒಮ್ಮೆಗೇ ಓದಿ ಮುಗಿಸಬಾರದೆಂದು ದಿನಕ್ಕೊಂದು ಇಟ್ಟುಕೊಳ್ಳೋಣ ಎಂದುಕೊಂಡೆ, ತಡೆಯಲಾಗಲಿಲ್ಲ. ಕೊನೆಯದು ಇದು:

ಮೇಲೆ ಮೇಲೆ ಹತ್ತುವವ, ಕೆಳಗೆ ನೋಡದವ,
ಊರ ಹೆಸರೆಲ್ಲ ಬರೆದು ತನ್ನದೇ ಬರೆಯದವ.

ಪಕ್ಕದಲ್ಲಿ ಆವರಣದೊಳಗೆ ಹೆಂಡತಿ ಉತ್ತರವನ್ನೂ ಬರೆದಿದ್ದಾಳೆ. ನನಗೆ ಬಿಡಿಸಲು ಬರುವುದಿಲ್ಲ ಎಂದುಕೊಂಡಿರಬೇಕು. ‘ಅಪ್ಪ’.

ಶೆಡ್ಡಿನ ಬಾಗಿಲು ಹಾಕಿಕೊಂಡು ಅತ್ತೆ. ಎಷ್ಟು ಹೊತ್ತೋ. ಹೊರಗೆ ಬಂದಾಗ ಗೆಳೆಯ ಅವನ ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿದ್ದ. “ಬಾ, ಉಳಿದರ್ಧ ತಲೆ ಮುಗಿಸ್ತೀನಿ” ಎಂದ. ಹೋಗಿ ಕುಳಿತೆ. ಗುಂಡುಸೂಜಿ ಹಲ್ಲಿಯ ಮೇಲೆ ಕಟ್ಟಿದ್ದನ್ನು ಅವನಿಗೆ ಹೇಳಿದೆ. ಕತ್ತರಿ ಪಕ್ಕಕ್ಕಿಟ್ಟು ನಕ್ಕ. ನಾನೂ ನಕ್ಕೆ. ಸೂಟು ಬೂಟಿನ ಮಾತನ್ನೂ ಹೇಳಿದೆ.

ಏಪ್ರಿಲ್ 8, ಬುಧವಾರ

ಶಾಲೆಯ ಕಾಂಪೌಂಡ್ ಗೋಡೆ ಮುಗಿಯಿತು, ನೂರಿಪ್ಪತ್ತು ಅಡಿ. ‘ಕ್ಷ’ ಎಂಟು ಕಡೆ ಬಂದಿತ್ತು, ಒಂದೂ ಕೆಡಲಿಲ್ಲ. ಮಕ್ಕಳು ಹಿಂದೆ ನಿಂತು ನೋಡುತ್ತಿದ್ದರು. ಒಬ್ಬಳು ‘ನಾನೂ ಬರೆಯಲಾ’ ಎಂದು ಕೇಳಿದಳು. ಮೂಲೆಯಲ್ಲಿ ಒಂದು ಎಲೆ ಬರೆಸಿದೆ.

ಭಾನುವಾರ ಅವರಿಬ್ಬರೂ ಹೊರಡುತ್ತಾರೆ. ಹೋಗಲೋ ಬೇಡವೋ.

ಏಪ್ರಿಲ್ 12, ಭಾನುವಾರ

ಹೋದೆ. ಹತ್ತೂವರೆಯ ಬಸ್ಸು. ಅಕ್ಕ ನನ್ನನ್ನು ನೋಡಿ ಮುಖ ಬಿಗಿದುಕೊಂಡರು, ಆಮೇಲೆ ಏನೆನ್ನಿಸಿತೋ, “ಆ ಟ್ರಂಕು ಒಂದು ಕೈ ಹಿಡೀರಿ” ಎಂದರು. ಬಸ್ಸಿನ ಮೇಲೆ ಏರಿಸಿ ಕಟ್ಟಿದೆ. ಅವಳು ಕಿಟಕಿಯ ಪಕ್ಕ ಕುಳಿತಿದ್ದಳು. ಅಕ್ಕ ನೀರು ತರಲು ಹೋದರು. ನಾನು ಕಿಟಕಿಯ ಕೆಳಗೆ ನಿಂತೆ. ಪತ್ರ ತಲುಪಿತು ಎಂದೆ. ಹೂಂ ಎಂದಳು. ಹಲ್ಲಿಯದು ಚೆನ್ನಾಗಿದೆ ಎಂದೆ. ಅವಳ ತುಟಿಯ ಕೊನೆ ಸ್ವಲ್ಪ ಅಲುಗಿತು.

ಮುಂದಿನ ಸೀಟಿನಲ್ಲಿ ಬುಟ್ಟಿ ಹಿಡಿದ ಒಬ್ಬ ಅಜ್ಜಿ ಕುಳಿತಿದ್ದರು. ದೂರದ ಪ್ರಯಾಣ, ಮಾತಿಗೆ ಜನ ಬೇಕು. ಹಿಂದಕ್ಕೆ ತಿರುಗಿ ಎಲ್ಲಿಗೆ, ಏನು ಕೆಲಸ ಎಂದೆಲ್ಲ ವಿಚಾರಿಸಿ, “ಮಕ್ಕಳೆಷ್ಟಮ್ಮ ನಿಂಗೆ?” ಎಂದರು.

ಅವಳು ಬಾಯಿ ತೆರೆದಳು. ಮುಚ್ಚಿದಳು. ಮಡಿಲ ಚೀಲವನ್ನು ನೋಡುತ್ತಾ ಕುಳಿತಳು. ಈ ಪ್ರಶ್ನೆ ಎರಡು ವರ್ಷದಲ್ಲಿ ಅವಳಿಗೆ ಎಷ್ಟು ಸಲ ಎದುರಾಗಿದೆಯೋ, ಅಷ್ಟೂ ಸಲ ಹೀಗೇ ಒಬ್ಬಳೇ ಕುಳಿತಿರಬೇಕು. ನಾನು ಪಕ್ಕದಲ್ಲಿದ್ದಾಗ ಯಾರಾದರೂ ಕೇಳಿದರೆ ನಾನೇ ಮಾತು ಮರೆಸಿಬಿಡುತ್ತಿದ್ದೆ.

“ಒಬ್ಬಳೇ ಮಗಳಜ್ಜಿ” ಎಂದೆ ಕೆಳಗಿನಿಂದ. “ಗುಂಡುಸೂಜಿ ಅಂತ ಕರೀತಿದ್ವಿ. ಹನ್ನೆರಡು ವರ್ಷಕ್ಕೆ ಜ್ವರ ಬಂದು ತೀರ್ಕೊಂಡಳು. ಪ್ರಾಸ ಕಟ್ಟೋದ್ರಲ್ಲಿ ಎತ್ತಿದ ಕೈ. ಊರಿಗೆ ಊರೇ ಅವಳ ಒಗಟಿಗೆ ಓಡಾಡ್ತಿತ್ತು. ತಾಯಿಯ ಹಾಗೆ.”

ಅಜ್ಜಿ ಬುಟ್ಟಿಯನ್ನು ಕೆಳಗಿಟ್ಟು, ಸೀಟಿನ ಮೇಲಿಂದ ಕೈ ಚಾಚಿ ಅವಳ ಕೈ ಹಿಡಿದುಕೊಂಡರು. “ಹೇಳು ತಾಯಿ, ಹೇಗಿದ್ದಳು?” ಎಂದರು.

ಅವಳು ನನ್ನ ಕಡೆ ನೋಡಿದಳು. ಪಂಪಿನ ಹತ್ತಿರ ನೋಡಿದ ಹಾಗಲ್ಲ. ಆಮೇಲೆ ಅಜ್ಜಿಯ ಕಡೆ ತಿರುಗಿ, “ಕಡ್ಡಿ ಹಾಗಿದ್ಲು ಅಜ್ಜಿ” ಎಂದು ಶುರುಮಾಡಿದಳು.

ಅಷ್ಟರಲ್ಲಿ ಅಕ್ಕ ಬಂದು ಹತ್ತಿದರು. ಕಂಡಕ್ಟರು ಸೀಟಿ ಊದಿದರು. ಬಸ್ಸು ಹಿಂದಕ್ಕೆ ಬಂದು, ತಿರುಗಿ, ನಿಲ್ದಾಣದ ಧೂಳನ್ನೆಲ್ಲ ಎಬ್ಬಿಸಿಕೊಂಡು ಹೊರಟಿತು. ಬೇರೆಯವರೆಲ್ಲ ಕಿಟಕಿಯ ಗಾಜು ಎಳೆದುಕೊಂಡರು. ಅವಳು ಮಾತಾಡುತ್ತಲೇ ಇದ್ದಳು. ಕೈ ಬೀಸಲಿಲ್ಲ. ನನಗೆ ಕಾಣುವವರೆಗೂ ಅವಳ ಕಿಟಕಿ ತೆರೆದೇ ಇತ್ತು.